ಕಾಂಪೌಂಡ್ ಬಿಲ್ಲು: ಮೊದಲ ಸ್ಪರ್ಧೆಗೆ ಅಣಿಗೊಳಿಸುವ ಕ್ರಮ

ಲಿಂಬ್ ಎಂಬ ಬಾಗುವ ತೋಳುಗಳ ತುದಿಯಲ್ಲಿ ಕ್ಯಾಮ್ ಎಂಬ ವಕ್ರಗಾಲಿಗಳೂ ಹೆದೆಯ ಪಕ್ಕದಲ್ಲಿ ಅಡ್ಡಹಾಯುವ ಕೇಬಲ್‌ಗಳೂ ಇರುವ ಆಧುನಿಕ ಬಿಲ್ಲೇ ಕಾಂಪೌಂಡ್. ಅಮೆರಿಕದ ಮಿಸೌರಿ ರಾಜ್ಯದ ಹೋಲೆಸ್ ವಿಲ್ಬರ್ ಆಲನ್ ಇದಕ್ಕಾಗಿ 1966ರಲ್ಲಿ ಪೇಟೆಂಟ್ ಅರ್ಜಿ ಹಾಕಿದರು. 1969ರಲ್ಲಿ ಪೇಟೆಂಟ್ ದೊರೆಯಿತು. ಸಾಂಪ್ರದಾಯಿಕ ಬಿಲ್ಲನ್ನು ಎಳೆದಷ್ಟೂ ಭಾರ ಏರುತ್ತ ಹೋಗುತ್ತದೆ. ಕಾಂಪೌಂಡ್‌ನಲ್ಲಿ ಎಳೆತದ ನಡುವೆಯೇ ಭಾರ ಉತ್ತುಂಗ ಮುಟ್ಟಿ, ಕ್ಯಾಮ್ ಹೊರಳಿದ ಮೇಲೆ ಇಳಿಯುತ್ತದೆ. ಈ ಇಳಿತಕ್ಕೆ ಲೆಟ್-ಆಫ್ ಎನ್ನುತ್ತಾರೆ. 60 ಪೌಂಡಿನ ಬಿಲ್ಲಿಗೆ ಶೇ. 75 ಲೆಟ್-ಆಫ್ ಇದ್ದರೆ ಪೂರ್ತಿ ಎಳೆದು ಗುರಿ ಹಿಡಿಯುವಾಗ ಕೈಯ ಮೇಲೆ ಉಳಿಯುವುದು 15 ಪೌಂಡ್ ಮಾತ್ರ. ಹೀಗಾಗಿ ನಿಧಾನವಾಗಿ, ನಡುಗದೆ ಗುರಿ ಹಿಡಿಯಲು ಸಾಧ್ಯ. ಆದರೆ ಗಾಲಿ, ಕೇಬಲ್, ದೃಷ್ಟಿಸಾಧನ (ಸೈಟ್), ಬಾಣದ ಆಸರೆ (ರೆಸ್ಟ್) ಎಲ್ಲವೂ ಒಂದಕ್ಕೊಂದು ಕೂಡಿಬಂದಾಗ ಮಾತ್ರ ಈ ಸೌಲಭ್ಯ ಕೈಗೆ ಸಿಗುತ್ತದೆ.

ನಾಗಪುರದ ನಂಟು

ಭಾರತದಲ್ಲಿ ಈ ಬಿಲ್ಲಿನ ಹೆಸರು ಮನೆಮಾತಾದದ್ದರಲ್ಲಿ ನಾಗಪುರಕ್ಕೆ ದೊಡ್ಡ ಪಾಲಿದೆ. ಈ ನಗರದ ಓಜಸ್ ಪ್ರವೀಣ್ ದೇವತಳೆ 2023ರ ಆಗಸ್ಟ್‌ನಲ್ಲಿ ಬರ್ಲಿನ್‌ನ ವಿಶ್ವ ಚಾಂಪಿಯನ್‌ಷಿಪ್ ಫೈನಲ್‌ನಲ್ಲಿ ಪೋಲೆಂಡಿನ ಎದುರಾಳಿಯನ್ನು 150–149ರಿಂದ ಸೋಲಿಸಿದರು. ಹದಿನೈದು ಬಾಣಕ್ಕೆ 150 ಎಂದರೆ ಪ್ರತಿ ಬಾಣವೂ ಹತ್ತಕ್ಕೆ ಬಿದ್ದಿತ್ತು. ಅದೇ ವರ್ಷ ಹಾಂಗ್‌ಝೌ ಏಷ್ಯನ್ ಕ್ರೀಡಾಕೂಟದಲ್ಲಿ ವೈಯಕ್ತಿಕ, ತಂಡ, ಮಿಶ್ರ ತಂಡ ಮೂರರಲ್ಲೂ ಅವರಿಗೆ ಚಿನ್ನ. ಆ ಪುರುಷರ ತಂಡದಲ್ಲಿ ಅಭಿಷೇಕ್ ವರ್ಮಾ ಜೊತೆಗೆ ವಿದರ್ಭದವರೇ ಆದ ಬುಲ್ಢಾಣಾದ ಪ್ರಥಮೇಶ್ ಜಾವಕರ್ ಕೂಡ ಇದ್ದರು. ಓಜಸ್ ಹೆಚ್ಚಿನ ತರಬೇತಿಗೆ ನಾಗಪುರ ಬಿಟ್ಟು ಸಾತಾರಾಕ್ಕೆ ಹೋದರು. ಅಲ್ಲಿ ಪೊಲೀಸ್ ಇಲಾಖೆಯ ಪ್ರವೀಣ್ ಸಾವಂತ್ ನಡೆಸುವ ದೃಷ್ಟಿ ಅಕಾಡೆಮಿಯಲ್ಲಿ, ಬರ್ಲಿನ್‌ನಲ್ಲೇ ಮಹಿಳಾ ವಿಶ್ವ ಚಾಂಪಿಯನ್ ಆದ ಅದಿತಿ ಸ್ವಾಮಿಯ ಜೊತೆ ಪಳಗಿದರು. ಇಬ್ಬರಿಗೂ 2023ನೆಯ ಸಾಲಿನ ಅರ್ಜುನ ಪ್ರಶಸ್ತಿ ಬಂತು.

ಸ್ಪರ್ಧೆ ಬೇಡುವುದೇನು

ಬಿಲ್ಲನ್ನು ಅಣಿಗೊಳಿಸುವ ಮುನ್ನ ಅದು ಎಲ್ಲಿ ಕೆಲಸ ಮಾಡಬೇಕೆಂದು ತಿಳಿದಿರಬೇಕು. ಹಿರಿಯರ ಹೊರಾಂಗಣ ಕಾಂಪೌಂಡ್ ಸ್ಪರ್ಧೆಯ ದೂರ 50 ಮೀಟರ್. ಗುರಿಹಾಳೆ 80 ಸೆಂ.ಮೀ. ಅಳತೆಯದು, ಅದರ ಒಳಗಿನ ಆರು ವರ್ತುಲಗಳನ್ನಷ್ಟೇ ಬಳಸುತ್ತಾರೆ. ಹೊರವರ್ತುಲಕ್ಕೆ ಐದು ಅಂಕ, ಒಳಗಿನದಕ್ಕೆ ಹತ್ತು. ಹತ್ತರ ವರ್ತುಲದ ವ್ಯಾಸ 8 ಸೆಂ.ಮೀ. ಅರ್ಹತಾ ಸುತ್ತಿನಲ್ಲಿ 72 ಬಾಣ, ಪೂರ್ಣಾಂಕ 720. ಮುಖಾಮುಖಿಯಲ್ಲಿ ಮೂರು ಮೂರರಂತೆ ಐದು ಸರದಿ. ಗಾಲಿಗಳಿಲ್ಲದ ರಿಕರ್ವ್ ಬಿಲ್ಲಿನ ಸ್ಪರ್ಧೆಯಂತೆ ಸೆಟ್ ಲೆಕ್ಕವಿಲ್ಲ, ಒಟ್ಟು ಅಂಕವೇ ತೀರ್ಪು. ಒಂದು ಬಾಣ ಎಂಟಕ್ಕೆ ಜಾರಿದರೆ ಆ ನಷ್ಟ ಕೊನೆಯ ಬಾಣದವರೆಗೂ ಲೆಕ್ಕದಲ್ಲಿ ಉಳಿಯುತ್ತದೆ. ಆದ್ದರಿಂದ ಇಲ್ಲಿ ವೇಗದ ಬಿಲ್ಲಿಗಿಂತ ಪ್ರತಿ ಸಲವೂ ಒಂದೇ ರೀತಿ ವರ್ತಿಸುವ ಬಿಲ್ಲೇ ಮೇಲು. ನಿಯಮದ ಪ್ರಕಾರ ಉತ್ತುಂಗ ಎಳೆತ 60 ಪೌಂಡ್ ಮೀರಕೂಡದು, ಬಾಣದ ದಪ್ಪ 9.3 ಮಿ.ಮೀ. ದಾಟಕೂಡದು.

ಮೊದಲು ಎಳೆತದ ಉದ್ದ

ಅಣಿಗೊಳಿಸುವ ಕೆಲಸಕ್ಕೆ ಒಂದು ಕ್ರಮವಿದೆ, ಅದನ್ನು ತಲೆಕೆಳಗು ಮಾಡಿದರೆ ಪ್ರತಿ ತಿದ್ದುಪಡಿಯೂ ಹಿಂದಿನದನ್ನು ಕೆಡಿಸುತ್ತದೆ. ಮೊದಲನೆಯದು ಎಳೆತದ ಉದ್ದ. ರಿಕರ್ವ್‌ನಲ್ಲಿ ಬಿಲ್ಲುಗಾರ ತನಗೆ ಬೇಕಾದಷ್ಟು ಎಳೆಯಬಹುದು. ಕಾಂಪೌಂಡ್‌ನಲ್ಲಿ ಕ್ಯಾಮ್ ಒಂದು ಹಂತದಲ್ಲಿ ನಿಂತುಬಿಡುತ್ತದೆ, ಆ ನಿಲುಗಡೆ ದೇಹಕ್ಕೆ ಹೊಂದಿರಬೇಕು. ಎರಡೂ ಕೈ ಚಾಚಿ ಬೆರಳತುದಿಯಿಂದ ಬೆರಳತುದಿಗೆ ಅಳೆದು, ಬಂದ ಅಂಗುಲಗಳನ್ನು 2.5ರಿಂದ ಭಾಗಿಸಿದರೆ ಅಂದಾಜು ಸಿಗುತ್ತದೆ. 67 ಅಂಗುಲ ಚಾಚುವವರಿಗೆ ಸುಮಾರು 27 ಅಂಗುಲ. ಇದು ಆರಂಭದ ಅಂದಾಜು ಮಾತ್ರ. ಕೋಚ್ ಪಕ್ಕದಲ್ಲಿ ನಿಂತು ನೋಡಬೇಕು: ಬೆನ್ನು ಹಿಂದಕ್ಕೆ ವಾಲಿದ್ದರೆ, ತಲೆ ಹೆದೆಯಿಂದ ದೂರ ಸರಿದಿದ್ದರೆ ಉದ್ದ ಹೆಚ್ಚಾಗಿದೆ, ಬಿಲ್ಲು ಹಿಡಿದ ಮೊಣಕೈ ಮಡಚಿಕೊಂಡು ದೇಹ ಮುದುಡಿದ್ದರೆ ಕಡಿಮೆಯಾಗಿದೆ. ಹೊಸಬರಲ್ಲಿ ಕಾಣುವುದು ಹೆಚ್ಚಾಗಿ ಮೊದಲ ದೋಷವೇ. ಹಿರಿಯ ಆಟಗಾರರಿಂದ ಬಿಲ್ಲು ಎರವಲು ತಂದು ಮೊದಲ ಸ್ಪರ್ಧೆಗೆ ಇಳಿಯುವ ಮಕ್ಕಳು ನಮ್ಮಲ್ಲಿ ಬಹಳ. ಬಿಲ್ಲಿನ ಬೆಲೆ ಲಕ್ಷ ದಾಟುವಾಗ ಅದು ಸಹಜವೂ ಹೌದು. ಆದರೆ ಎರವಲು ಬಿಲ್ಲಿನಲ್ಲಿ ಎಳೆತದ ಉದ್ದ ನಿರ್ಧರಿಸುವ ಕ್ಯಾಮ್ ಮಾಡ್ಯೂಲನ್ನಾದರೂ ಆ ಮಗುವಿನ ಅಳತೆಗೆ ಬದಲಿಸಲೇಬೇಕು. ಇಷ್ಟು ಮಾಡದೆ ಕಳಿಸುವುದು ಮಗುವಿಗೆ ಮಾಡುವ ಅನ್ಯಾಯ.

ಬಳಿಕ ಎಳೆತದ ತೂಕ. ಬಿಲ್ಲನ್ನು ಗುರಿಯ ಮಟ್ಟದಲ್ಲೇ ಹಿಡಿದು, ಆಕಾಶಕ್ಕೆ ಎತ್ತದೆ, ಉಸಿರು ಬಿಗಿಹಿಡಿಯದೆ ಎಳೆಯಲು ಬರುವಷ್ಟಿರಬೇಕು. ಮೇಲಕ್ಕೆತ್ತಿ ಎಳೆಯುವಾಗ ಬಾಣ ಕೈತಪ್ಪಿದರೆ ಮೈದಾನದ ಸುರಕ್ಷಿತ ಅಂಚನ್ನು ದಾಟಬಹುದು, ತೀರ್ಪುಗಾರರು ಇದನ್ನು ತಡೆಯುತ್ತಾರೆ. 50 ಮೀಟರಿಗೆ ಹೊಸಬ ವಯಸ್ಕರಿಗೆ 40ರಿಂದ 50 ಪೌಂಡ್ ಸಾಕು. ಎಪ್ಪತ್ತೆರಡನೆಯ ಬಾಣವನ್ನೂ ಮೊದಲನೆಯದರಂತೆ ಎಳೆಯಲು ಬರಬೇಕು, ಅಳತೆಗೋಲು ಅದೇ.

ಗಾಲಿ, ಹೆದೆ, ಬಾಣ

ಎರಡು ಕ್ಯಾಮ್‌ಗಳಿರುವ ಬಿಲ್ಲಿನಲ್ಲಿ ಎರಡೂ ಏಕಕಾಲಕ್ಕೆ ಕೊನೆ ಮುಟ್ಟಬೇಕು. ಒಂದು ಮುಂಚೆ ನಿಂತರೆ ಬಾಣದ ಹಿಂತುದಿ ಮೇಲೆ ಕೆಳಗೆ ಒಲೆಯುತ್ತ ಹೊರಡುತ್ತದೆ. ಇದನ್ನು ಸರಿಪಡಿಸಲು ಕೇಬಲ್‌ಗಳನ್ನು ತಿರುಚಬೇಕು ಅಥವಾ ಅವುಗಳ ತಿರುಚನ್ನು ಸಡಿಲಿಸಬೇಕು, ಅದಕ್ಕೆ ಲಿಂಬ್‌ಗಳನ್ನು ಒತ್ತಿ ಹಿಡಿಯುವ ಪ್ರೆಸ್ ಬೇಕು. ಪ್ರೆಸ್ ಇಲ್ಲದೆ ಕೇಬಲ್ ಮುಟ್ಟುವುದು ಅಪಾಯ. ಬಾಣವಿಲ್ಲದೆ ಹೆದೆ ಬಿಡುವುದಂತೂ ಯಾವತ್ತೂ ಕೂಡದು. ಶಕ್ತಿಯೆಲ್ಲ ಲಿಂಬ್‌ಗೇ ಮರಳಿ ಅದು ಒಡೆಯಬಹುದು, ಹೆದೆ ಹರಿದು ಮುಖಕ್ಕೆ ಬಡಿಯಬಹುದು.

ಹೆದೆಯ ಮೇಲೆ ಬಾಣ ಕೂರುವ ಜಾಗಕ್ಕೆ ಡಿ-ಲೂಪ್ ಎಂಬ ದಾರದ ಕುಣಿಕೆ ಕಟ್ಟಿ, ಹೆದೆಯನ್ನು ಎಳೆದು ಬಿಡುವ ರಿಲೀಸ್ ಸಾಧನವನ್ನು ಅದಕ್ಕೆ ಸಿಕ್ಕಿಸುತ್ತಾರೆ. ಪೀಪ್ ಎಂಬ ಸಣ್ಣ ಬಳೆಯನ್ನು ಹೆದೆಯ ಎಳೆಗಳ ನಡುವೆ ಕೂರಿಸುತ್ತಾರೆ. ಕಣ್ಣು ಮುಚ್ಚಿ ಬಿಲ್ಲೆಳೆದು, ಮುಖ ನೆಲೆನಿಂತ ಮೇಲೆ ಕಣ್ಣು ತೆರೆದಾಗ ಪೀಪ್‌ನ ವೃತ್ತ ಎದುರಿನ ಸ್ಕೋಪ್‌ನ ಬಳೆಯೊಂದಿಗೆ ಸಮಕೇಂದ್ರವಾಗಿ ಕಾಣಬೇಕು. ಕಾಣದಿದ್ದರೆ ಸರಿಸಬೇಕಾದದ್ದು ಪೀಪನ್ನು, ಕುತ್ತಿಗೆಯನ್ನಲ್ಲ. ಕಾಂಪೌಂಡ್‌ಗೆ ಭೂತಗನ್ನಡಿಯುಳ್ಳ ಸ್ಕೋಪ್, ಅದರೊಳಗಿನ ಗುಳ್ಳೆಮಟ್ಟ ಎರಡಕ್ಕೂ ಅನುಮತಿಯಿದೆ. ಬಿಲ್ಲು ಎಡಕ್ಕೆ ವಾಲಿದರೆ ಬಾಣವೂ ಎಡಕ್ಕೇ ಹೋಗುತ್ತದೆ, ಗುಳ್ಳೆ ಅದನ್ನು ತೋರಿಸಿಕೊಡುತ್ತದೆ.

ಬಾಣದ ಬಿಗುವನ್ನು ಸ್ಪೈನ್ ಸಂಖ್ಯೆಯಿಂದ ಹೇಳುತ್ತಾರೆ. 28 ಅಂಗುಲ ಅಂತರದ ಎರಡು ಆಧಾರಗಳ ಮೇಲೆ ಬಾಣವಿಟ್ಟು ನಡುವೆ 1.94 ಪೌಂಡ್ ತೂಗಿದಾಗ ಅಂಗುಲದ ಸಾವಿರದಲ್ಲಿ ಎಷ್ಟು ಪಾಲು ಬಾಗುತ್ತದೋ ಅದೇ ಆ ಸಂಖ್ಯೆ. ಅರ್ಧ ಅಂಗುಲ ಬಾಗಿದರೆ 500. ಸಂಖ್ಯೆ ಕಡಿಮೆಯಾದಷ್ಟೂ ಬಾಣ ಬಿರುಸು. ಬಿಲ್ಲಿನ ತೂಕ, ಬಾಣದ ಉದ್ದ, ಮೊನೆಯ ಭಾರ ಮೂರನ್ನೂ ತಯಾರಕರ ಪಟ್ಟಿಯಲ್ಲಿ ಹೊಂದಿಸಿ ನೋಡಿ ಆರಿಸಬೇಕು.

ತಿದ್ದುವಿಕೆ

ಮೊದಲ ಪರೀಕ್ಷೆ ಕಾಗದದ ಮೇಲೆ. ಚೌಕಟ್ಟಿಗೆ ಬಿಗಿದ ಕಾಗದದ ಮೂಲಕ ಕೆಲವು ಹೆಜ್ಜೆ ದೂರದಿಂದ ಬಾಣ ಬಿಟ್ಟರೆ ಹರಿದ ಗುರುತು ಕತೆ ಹೇಳುತ್ತದೆ. ಮೊನೆಯ ತೂತಿಗಿಂತ ಗರಿಗಳ ಹರಿವು ಮೇಲಿದ್ದರೆ ಹೆದೆಯ ಮೇಲೆ ಬಾಣ ಕೂರುವ ಬಿಂದುವನ್ನು ತುಸು ಇಳಿಸಬೇಕು ಅಥವಾ ರೆಸ್ಟನ್ನು ಏರಿಸಬೇಕು. ಮುಂದಿನದು ಹಿಂದೆ ಸರಿಯುವ ಪರೀಕ್ಷೆ: ಗುರಿಯ ಮೇಲೆ ಲಂಬವಾಗಿ ಪಟ್ಟಿಯೊಂದನ್ನು ಅಂಟಿಸಿ, ಸೈಟ್ ಬದಲಿಸದೆ, ಹಂತಹಂತವಾಗಿ ಹಿಂದೆ ಸರಿಯುತ್ತ ಎಸೆಯುವುದು. ದೂರ ಹೆಚ್ಚಿದಂತೆ ಬಾಣಗಳು ಎಡಕ್ಕೆ ಸರಿಯುತ್ತ ಹೋದರೆ ರೆಸ್ಟನ್ನು ಕೂದಲೆಳೆಯಷ್ಟು ಬಲಕ್ಕೆ ಸರಿಸಬೇಕು. ಒಂದು ಸಲಕ್ಕೆ ಒಂದೇ ಬದಲಾವಣೆ, ಅದನ್ನು ನೋಟ್‌ಬುಕ್ಕಿನಲ್ಲಿ ಬರೆದಿಡಬೇಕು. ಸೈಟಿನ ಸೂತ್ರ ಸರಳ: ಬಾಣ ಹೋದತ್ತಲೇ ಸೈಟ್. ಕೆಳಗೆ ಬಿದ್ದರೆ ಸೈಟ್ ಕೆಳಗೆ.

ನಾಗಪುರದ ಬಿಸಿಲು ಈ ಲೆಕ್ಕದೊಳಗೆ ಬರಲೇಬೇಕು. ಮೇ ತಿಂಗಳಲ್ಲಿ ಇಲ್ಲಿ ಪಾರದ ಮಟ್ಟ 45 ಡಿಗ್ರಿ ದಾಟುವುದು ಹೊಸದಲ್ಲ. ಬಾಗಿಲು ಮುಚ್ಚಿದ ಕಾರಿನೊಳಗೆ ಇನ್ನೂ ಹೆಚ್ಚು. ಅಂಥ ಕಾವಿನಲ್ಲಿ ಹೆದೆ ಹಿಗ್ಗುತ್ತದೆ, ಪೀಪ್ ತಿರುಗಿಕೊಳ್ಳುತ್ತದೆ, ಕ್ಯಾಮ್‌ಗಳ ಹೊಂದಿಕೆ ತಪ್ಪುತ್ತದೆ, ಲಿಂಬ್‌ನ ಪದರಗಳಿಗೂ ಹಾನಿಯಾಗಬಹುದು. ಬಿಲ್ಲನ್ನು ನೆರಳಿನಲ್ಲೇ ಇಡಬೇಕು, ಹೆದೆಗೆ ಮೇಣ ಹಚ್ಚುತ್ತಿರಬೇಕು. ಎಲ್ಲ ಸರಿಯಾದ ದಿನ ಕ್ಯಾಮ್ ಮತ್ತು ಲಿಂಬ್ ಕೂಡುವಲ್ಲಿ, ಡಿ-ಲೂಪಿನ ಬುಡದಲ್ಲಿ, ಲಿಂಬ್ ಬೋಲ್ಟ್ ಮೇಲೆ ಮಾರ್ಕರ್‌ನಿಂದ ಗೆರೆ ಎಳೆದಿಟ್ಟರೆ, ಏನಾದರೂ ಜರುಗಿದ್ದು ಒಂದೇ ನೋಟಕ್ಕೆ ತಿಳಿಯುತ್ತದೆ. ಹೊಸ ಹೆದೆ ಹಾಕುವುದಿದ್ದರೆ ಅದು ಹಿಗ್ಗಿ ನೆಲೆಗೊಳ್ಳಲು ನೂರಾರು ಬಾಣಗಳ ಅಭ್ಯಾಸ ಬೇಕು. ಸ್ಪರ್ಧೆಯ ಹಿಂದಿನ ವಾರದಲ್ಲಿ ಹೆದೆ, ರಿಲೀಸ್, ಬಾಣ ಯಾವುದನ್ನೂ ಬದಲಿಸಬಾರದು.

ಸ್ಪರ್ಧೆಯ ದಿನ

ಎಸೆತಕ್ಕೆ ಮುನ್ನ ಉಪಕರಣ ತಪಾಸಣೆ ಇರುತ್ತದೆ. ಪ್ರತಿ ಬಾಣದ ಮೇಲೂ ಆಟಗಾರರ ಹೆಸರು ಅಥವಾ ಮೊದಲಕ್ಷರ ಇರಬೇಕು. ಒಂದು ಸರದಿಯ ಬಾಣಗಳೆಲ್ಲ ಒಂದೇ ಬಣ್ಣದ ಗರಿ, ಹಿಂತುದಿಯಲ್ಲಿ ಹೆದೆಗೆ ಸಿಕ್ಕಿಸುವ ಒಂದೇ ಬಗೆಯ ನಾಕ್ ಹೊಂದಿರಬೇಕು. ಬಿಲ್ಲಿನ ಮೇಲೆ ಎಲೆಕ್ಟ್ರಾನಿಕ್ ಸಾಧನ ಕೂಡದು. ಎರಡು ಸೀಟಿಗೆ ಗೆರೆಗೆ ಬರಬೇಕು, ಒಂದಕ್ಕೆ ಎಸೆಯಬೇಕು, ಮೂರಕ್ಕೆ ಅಂಕ ನೋಡಲು ಹೋಗಬೇಕು. ಚೀಲದಲ್ಲಿ ಹೆಚ್ಚುವರಿ ಡಿ-ಲೂಪ್ ದಾರ, ನಾಕ್‌ಗಳು, ಅಲೆನ್ ಕೀ ಗೊಂಚಲು ಇರಲಿ. ಸಾಧ್ಯವಾದರೆ ಇನ್ನೊಂದು ರಿಲೀಸ್ ಕೂಡ, ಅಭ್ಯಾಸದಲ್ಲಿ ಪಳಗಿಸಿದ್ದೇ ಆಗಿರಬೇಕು. ಮೊದಲ ಸ್ಪರ್ಧೆಯ ಮುಂದಿನ ಹಾದಿಯೂ ಈಗ ಹಿಗ್ಗಿದೆ: ಕಾಂಪೌಂಡ್ ಮಿಶ್ರ ತಂಡ ಸ್ಪರ್ಧೆಯನ್ನು 2028ರ ಲಾಸ್ ಏಂಜಲಿಸ್ ಒಲಿಂಪಿಕ್ಸ್‌ಗೆ ಸೇರಿಸಲಾಗಿದೆ. ಒಲಿಂಪಿಕ್ಸ್‌ನಲ್ಲಿ ಈ ಬಿಲ್ಲಿಗೆ ಅದೇ ಮೊದಲ ಪ್ರವೇಶ.