ಗೆರೆ ಅವರದು, ಬಣ್ಣ ನಮ್ಮದು: ಗುಬ್ಬಿಯ ಜೆರಾಕ್ಸ್ ಅಂಗಡಿಗೆ ಬಂದ ಮಾರಿಯೋ

ಇವತ್ತಿನ ಕಂತು ಶುರುವಾಗೋದು ಗುಬ್ಬಿಯ ಒಂದು ಜೆರಾಕ್ಸ್ ಅಂಗಡಿಯಲ್ಲಿ. 2021ರ ನವೆಂಬರ್ ತಿಂಗಳು. ನಾನು ಪಹಣಿ ಪ್ರತಿ ತೆಗೆಸೋಕೆ ನಿಂತಿದ್ದೆ. ನನ್ನ ಮುಂದೆ ಒಬ್ಬರು ಸರ್ಕಾರಿ ಶಾಲೆಯ ಟೀಚರ್ ಇದ್ದರು. ಮೊಬೈಲಿನಿಂದ ಎರಡು ಚಿತ್ರ ಕಳಿಸಿ, ಎಷ್ಟಾಗುತ್ತೆ ಅಂತ ಕೇಳುತ್ತಿದ್ದರು. ಒಂದು ಟೋಪಿ ಹಾಕಿದ ಮೀಸೆಯ ಮಾರಿಯೋ. ಇನ್ನೊಂದು ಹೆಲ್ಮೆಟ್ ತೊಟ್ಟು ಬಂದೂಕು ಹಿಡಿದ ಸೈನಿಕ, ಮೊಬೈಲ್ ಗೇಮಿನವನು. ಎರಡೂ ಬರೀ ಗೆರೆ, ಒಳಗೆ ಬಣ್ಣ ಇಲ್ಲ.

ಅಂಗಡಿಯವನು ನಗುತ್ತಾ, "ಮಿಸ್, ಇದೂ ಪಾಠನಾ?" ಅಂದ.

"ಪಾಠ ಅಲ್ಲ ಕಣಪ್ಪಾ, ಪೆನ್ಸಿಲ್ ಹಿಡಿಸೋಕೆ ಲಂಚ," ಅಂದರು ಅವರು.

ಆ ಮಾತು ನನ್ನನ್ನು ಬಿಡಲಿಲ್ಲ. ಹೊರಗೆ ಬಂದಮೇಲೆ ಕೇಳಿದೆ. ಅವರು ಹೇಳಿದ್ದು ಇಷ್ಟು. 2020ರ ಮಾರ್ಚ್‌ನಲ್ಲಿ ಮುಚ್ಚಿದ ಶಾಲೆ. ಆಗಸ್ಟ್‌ನಲ್ಲಿ ವಿದ್ಯಾಗಮ ಅಂತ ಶುರುವಾಯಿತು, ಮರದ ಕೆಳಗೆ, ದೇವಸ್ಥಾನದ ಜಗಲಿಯಲ್ಲಿ ಪಾಠ. ಅಕ್ಟೋಬರ್‌ನಲ್ಲಿ ಅದೂ ನಿಂತಿತು. 1ರಿಂದ 5ನೇ ತರಗತಿ ಮಕ್ಕಳಿಗೆ ಶಾಲೆಯ ಬಾಗಿಲು ತೆರೆದದ್ದು 2021ರ ಅಕ್ಟೋಬರ್ 25ಕ್ಕೆ. ಹತ್ತಿರ ಹತ್ತಿರ 19 ತಿಂಗಳು. ಒಂದನೇ ಕ್ಲಾಸಿಗೆ ಬಂದ ಮಕ್ಕಳಲ್ಲಿ ಕೆಲವರು ಪೆನ್ಸಿಲ್ಲನ್ನು ಮುಷ್ಟಿಯಲ್ಲಿ, ಸೌಟು ಹಿಡಿದ ಹಾಗೆ ಹಿಡಿಯುತ್ತಿದ್ದರಂತೆ. ಆದರೆ ಹೆಬ್ಬೆರಳಿನಲ್ಲಿ ಮೊಬೈಲ್ ಉಜ್ಜೋದು ಎಲ್ಲರಿಗೂ ಬರುತ್ತಿತ್ತು. ಹೂವಿನ ಚಿತ್ರ ಕೊಟ್ಟರು, ಗಿಳಿ ಕೊಟ್ಟರು. ಮಕ್ಕಳು ಮುಟ್ಟಲಿಲ್ಲ. ಒಂದು ದಿನ ಮಾರಿಯೋ ಕೊಟ್ಟರು. ಇಡೀ ಕ್ಲಾಸು ನೆಲಕ್ಕೆ ಬಗ್ಗಿ ಕೂತಿತು.

ಮಾರನೇ ದಿನ ಒಬ್ಬ ತಾಯಿ ಶಾಲೆಗೇ ಬಂದರಂತೆ. "ಮನೇಲಿ ಮೊಬೈಲ್ ಬಿಡಿಸೋಕೆ ನಾವು ಒದ್ದಾಡ್ತಿದ್ರೆ, ಸ್ಕೂಲಲ್ಲಿ ಅದನ್ನೇ ಕೊಡ್ತೀರಲ್ಲ ಮಿಸ್?"

ಇಬ್ಬರ ಮಾತಿನಲ್ಲೂ ಸತ್ಯ ಇದೆ. ಹಾಗಾದರೆ ಆ ಹಾಳೆಯನ್ನು ಮಗುವಿನ ಕೈಗೆ ಕೊಡಬೇಕಾ, ಬೇಡವಾ? ಉತ್ತರ ಹುಡುಕೋಕೆ ನಾನು ಹಿಡಿದ ದಾರಿ ಇತಿಹಾಸದ್ದು. ಈ ಹಾಳೆ ಎಲ್ಲಿಂದ ಹುಟ್ಟಿ ಗುಬ್ಬಿಯವರೆಗೆ ಬಂತು, ನೋಡೋಣ ಬನ್ನಿ.

ಬಣ್ಣ ತುಂಬುವ ಪುಸ್ತಕ 19ನೇ ಶತಮಾನದ ಕೊನೆಯ ಭಾಗದ್ದು. ನ್ಯೂಯಾರ್ಕಿನ ಮೆಕ್‌ಲಾಕ್ಲಿನ್ ಬ್ರದರ್ಸ್ ಎಂಬ ಪ್ರಕಾಶಕರ ಹೆಸರು 1879–80ರ ಸುಮಾರಿನಿಂದ ಇದಕ್ಕೆ ಅಂಟಿಕೊಂಡಿದೆ. ಆಗ ಬಣ್ಣ ಅಂದರೆ ನೀರಿನಲ್ಲಿ ಕಲಸಿ ಕುಂಚದಲ್ಲಿ ಹಚ್ಚೋದು. ಅದು ಉಳ್ಳವರ ಮನೆಯ ಮಕ್ಕಳ ಆಟ. 1903ರಲ್ಲಿ ಬಿನ್ನಿ ಅಂಡ್ ಸ್ಮಿತ್ ಕಂಪನಿ 8 ಮೇಣದ ಕಡ್ಡಿಗಳ ಕ್ರೆಯೋಲಾ ಡಬ್ಬಿಯನ್ನು 5 ಸೆಂಟಿಗೆ ಮಾರಿತು. ನೀರು ಬೇಡ, ಕುಂಚ ಬೇಡ. ಆಗ ಬಣ್ಣ ಸಾಮಾನ್ಯರ ಮಕ್ಕಳ ಕೈಗೂ ಬಂತು. 1907ರಲ್ಲಿ ಪತ್ರಿಕೆಯ ವ್ಯಂಗ್ಯಚಿತ್ರದ ಹುಡುಗ ಬಸ್ಟರ್ ಬ್ರೌನ್ ಹೆಸರಿನಲ್ಲಿ ಬಣ್ಣದ ಪುಸ್ತಕ ಬಂತು. ಇದನ್ನು ಗಮನಿಸಿ. ಮಕ್ಕಳಿಗೆ ಆಗಲೇ ಗೊತ್ತಿರುವ, ಇಷ್ಟವಾದ ಪಾತ್ರವನ್ನು ತೋರಿಸಿ ಕುಂಚ ಹಿಡಿಸೋ ಉಪಾಯ ನೂರು ವರ್ಷಕ್ಕೂ ಹಳೆಯದು. ಗುಬ್ಬಿಯ ಮಿಸ್ ಕೊಟ್ಟ ಲಂಚ ಹೊಸದೇನಲ್ಲ.

ನಮ್ಮ ಕಡೆಗೆ ಬನ್ನಿ. 1931ರಲ್ಲಿ ಮುಂಬಯಿಯಲ್ಲಿ ಇಂಕು ಮಾಡೋಕೆ ಶುರುವಾದ ಕ್ಯಾಮ್ಲಿನ್ ಕಂಪನಿಯ ಒಂಟೆ ಗುರುತಿನ ಡಬ್ಬಿಗಳು ನಮ್ಮ ಪೀಳಿಗೆಯ ಕಂಪಾಸ್ ಬಾಕ್ಸಿನ ಪಕ್ಕ ಇರುತ್ತಿದ್ದವು. ಕನ್ನಡದ ಮಕ್ಕಳ ಪತ್ರಿಕೆಗಳಲ್ಲಿ ಬಣ್ಣ ತುಂಬಿ ಅನ್ನೋ ಪುಟ ಇರುತ್ತಿತ್ತು. ಬಾಲಮಂಗಳದ ಡಿಂಗ ಆಗಿನ ನಮ್ಮ ಹೀರೋ. ಪುಟ ಒಂದೇ, ಅಣ್ಣ ತಮ್ಮ ಇಬ್ಬರು. ಯಾರು ಬಣ್ಣ ಹಚ್ಚಬೇಕು ಅಂತ ಜಗಳ. ಈಗ ಆ ಜಗಳ ಇಲ್ಲ, ಯಾಕಂದ್ರೆ ಜೆರಾಕ್ಸ್ ಬಂದಿದೆ. 1959ರಲ್ಲಿ ಜೆರಾಕ್ಸ್ 914 ಯಂತ್ರ ಮಾರುಕಟ್ಟೆಗೆ ಬಂದಾಗ ಅದನ್ನು ಕಚೇರಿ ಕಾಗದಕ್ಕೆ ಅಂತ ಮಾಡಿದ್ದರು. ಅದಕ್ಕೂ ಮುಂಚೆ ನಮ್ಮ ಮೇಷ್ಟ್ರುಗಳು ಪ್ರಶ್ನೆಪತ್ರಿಕೆಗೆ ಸ್ಟೆನ್ಸಿಲ್ ಕೊರೆದು ಸೈಕ್ಲೋಸ್ಟೈಲ್ ಮಾಡುತ್ತಿದ್ದದ್ದು ಹಿರಿಯರಿಗೆ ನೆನಪಿರುತ್ತೆ. ನಾನು ನಿಂತಿದ್ದ ಅಂಗಡಿಯಲ್ಲಿ ಕಪ್ಪು-ಬಿಳುಪು ಹಾಳೆಗೆ 2 ರೂಪಾಯಿ, ಕಲರ್‌ಗೆ 10. ಬಣ್ಣ ಇಲ್ಲದ ಚಿತ್ರ ಬಡವರ ಮಕ್ಕಳ ಕೈಗೆ ಎಟುಕೋದು ಈ ವ್ಯತ್ಯಾಸದಿಂದ.

ಈಗ ಗೇಮಿನ ಕಡೆಗೆ. 1980ರಲ್ಲಿ ತೊರು ಇವಾಟಾನಿ ಪ್ಯಾಕ್‌ಮ್ಯಾನ್ ಮಾಡಿದರು. ಬಾಯಿ ತೆರೆದ ಒಂದು ಹಳದಿ ಚಕ್ಕೆ, ಅಷ್ಟೇ. ಮರುವರ್ಷ, 1981ರಲ್ಲಿ, ಜಪಾನಿನ ನಿಂಟೆಂಡೊ ಕಂಪನಿಗಾಗಿ ಶಿಗೆರು ಮಿಯಾಮೊಟೊ ಡಾಂಕಿ ಕಾಂಗ್ ಆಟದಲ್ಲಿ ಮಾರಿಯೋನನ್ನು ಮಾಡಿದರು. ಆಗ ಅವನ ಹೆಸರು ಜಂಪ್‌ಮ್ಯಾನ್. ಅವನಿಗೆ ಸಿಕ್ಕಿದ್ದ ಜಾಗ ಅಡ್ಡಕ್ಕೆ 16, ಉದ್ದಕ್ಕೆ 16 ಚುಕ್ಕಿ. ಬಣ್ಣ ಮೂರೇ. ಅಷ್ಟರಲ್ಲಿ ಬಾಯಿ ಬಿಡಿಸೋಕೆ ಆಗಲ್ಲ, ಅದಕ್ಕೆ ಮೀಸೆ. ಕೂದಲು ತೋರಿಸೋದು ಕಷ್ಟ, ಅದಕ್ಕೆ ಟೋಪಿ. ಓಡುವಾಗ ಕೈ ಬೇರೆಯಾಗಿ ಕಾಣಬೇಕು, ಅದಕ್ಕೆ ಅಂಗಿ ಒಂದು ಬಣ್ಣ, ಅದರ ಮೇಲಿನ ಉಡುಪು ಇನ್ನೊಂದು ಬಣ್ಣ. ಜಗತ್ತಿಗೇ ಗೊತ್ತಿರುವ ಆ ವೇಷ ಹುಟ್ಟಿದ್ದು ಜಾಗ ಸಾಲದೆ.

ಇದನ್ನು ಓದುವಾಗ ನನಗೆ ನೆನಪಾಗಿದ್ದು ನಮ್ಮಜ್ಜಿಯ ರಂಗೋಲಿ ಪುಸ್ತಕ. 15ರಿಂದ 8, ಸಂದು ಚುಕ್ಕಿ ಅಂತ ಬರೆದಿರುತ್ತಿತ್ತು. ಇಷ್ಟೇ ಚುಕ್ಕಿಯಲ್ಲಿ ನವಿಲೂ ಬರಬೇಕು, ತಾವರೆಯೂ ಬರಬೇಕು. ಕುಣಿಗಲ್ ಕಡೆಯ ಹಟ್ಟಿ ಮುಂದೆ ಬೆಳಗ್ಗೆ ಎದ್ದು ಚುಕ್ಕಿ ಇಡೋ ಹೆಂಗಸಿಗೂ, ಕ್ಯೋಟೋದಲ್ಲಿ ಕೂತ ಮಿಯಾಮೊಟೊಗೂ ಇದ್ದ ತೊಡಕು ಒಂದೇ. ಚುಕ್ಕಿ ಕಡಿಮೆ, ಹೇಳಬೇಕಾದ್ದು ಜಾಸ್ತಿ.

ಆದರೆ ಚುಕ್ಕಿಗಳ ಮಾರಿಯೋಗೆ ಗೆರೆ ಎಲ್ಲಿಂದ ಬಂತು? ಪರದೆ ಮೇಲೆ ಅವನು ಚೌಕಗಳ ಗುಂಪು. ಗೆರೆ ಕೊಟ್ಟವರಲ್ಲಿ ಮುಖ್ಯರು ಯೊಯಿಚಿ ಕೊಟಾಬೆ. ಹೈಡಿ ಎಂಬ ಪ್ರಸಿದ್ಧ ಕಾರ್ಟೂನ್ ಧಾರಾವಾಹಿಗೆ ಪಾತ್ರಗಳನ್ನು ರೂಪಿಸಿದ್ದ ಅವರು 1985ರಲ್ಲಿ ನಿಂಟೆಂಡೊ ಸೇರಿದರು. ಆಟದ ಜೊತೆ ಕೊಡುವ ಪುಸ್ತಿಕೆಗೆ, ಜಾಹೀರಾತಿಗೆ ಅವರು ಬಿಡಿಸಿದ ದುಂಡು ಮೂಗಿನ ಮಾರಿಯೋನೇ ಇವತ್ತು ಮಕ್ಕಳ ಹಾಳೆಯಲ್ಲಿ ಇರೋದು. ಅಂದರೆ ಈ ಹಾಳೆಯ ಹಿಂದೆ ಯಂತ್ರ ಮಾತ್ರ ಇಲ್ಲ, ಪೆನ್ಸಿಲ್ ಹಿಡಿದ ಮನುಷ್ಯನ ಕೈಯೂ ಇದೆ.

ಇನ್ನೊಂದು ಕಥೆ ನನಗೆ ಬಹಳ ಇಷ್ಟ. 1992ರಲ್ಲಿ ಮಸಾಹಿರೊ ಸಕುರಾಯಿ ಗೇಮ್ ಬಾಯ್‌ಗೆ ಕಿರ್ಬಿ ಅನ್ನೋ ದುಂಡನೆಯ ಪಾತ್ರ ಮಾಡಿದರು. ಗೇಮ್ ಬಾಯ್ ಪರದೆಯಲ್ಲಿ ಬಣ್ಣವೇ ಇರಲಿಲ್ಲ. ಹಾಗಾಗಿ ಕಿರ್ಬಿಯ ಬಣ್ಣ ಯಾವುದು ಅನ್ನೋದರಲ್ಲಿ ಮಾಡಿದವರಲ್ಲೇ ಒಮ್ಮತ ಇರಲಿಲ್ಲ. ಸಕುರಾಯಿ ಮನಸ್ಸಿನಲ್ಲಿ ಗುಲಾಬಿ, ಮಿಯಾಮೊಟೊ ಮನಸ್ಸಿನಲ್ಲಿ ಹಳದಿ. ಅಮೆರಿಕದ ಡಬ್ಬಿ ಮೇಲೆ ಅಚ್ಚಾದದ್ದು ಬಿಳಿ ಕಿರ್ಬಿ. ಮಗು ಕಿರ್ಬಿಗೆ ಹಸಿರು ಬಳಿದರೆ ತಪ್ಪು ಅಂತ ಹೇಳೋಕೆ ನಾವ್ಯಾರು?

ತುಮಕೂರಿಗೆ ಇವರೆಲ್ಲ ಬಂದದ್ದು ಹಿಂಬಾಗಿಲಿನಿಂದ. 90ರ ದಶಕದಲ್ಲಿ ನಾನು ತುಮಕೂರಿನಲ್ಲಿ ಓದುವಾಗ ಟಿ.ವಿ. ಗೇಮ್ ಅಂತ ಸಿಗುತ್ತಿತ್ತು. ನಿಂಟೆಂಡೊದ ಅಸಲಿ ಯಂತ್ರ ಅಲ್ಲ, ಅದರ ನಕಲು. ಒಂದೇ ಕ್ಯಾಸೆಟ್ಟಿನ ಮೇಲೆ 9999 ಆಟ ಅಂತ ಬರೆದಿರೋದು, ಒಳಗೆ ಹತ್ತೋ ಹದಿನೈದೋ ಆಟ ತಿರುಗಿ ತಿರುಗಿ ಬರೋದು. ಮಾರಿಯೋ, ಕಾಂಟ್ರಾ ನೋಡಿದ್ದು ಅಲ್ಲೇ. ಆಮೇಲೆ ಸೈಬರ್ ಕೆಫೆ. 2016ರ ಸೆಪ್ಟೆಂಬರ್‌ನಲ್ಲಿ ಜಿಯೋ ಬಂದಮೇಲೆ ಹಳ್ಳಿಯ ಮನೆಯಲ್ಲೂ ಡೇಟಾ. 2018ರಲ್ಲಿ ಪಬ್‌ಜಿ ಮೊಬೈಲ್. 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ನಿಷೇಧಿಸಿದ 118 ಆ್ಯಪ್‌ಗಳಲ್ಲಿ ಅದೂ ಒಂದು. 2021ರ ಜುಲೈನಲ್ಲಿ ಬಿಜಿಎಂಐ ಅಂತ ಬೇರೆ ಹೆಸರಲ್ಲಿ ವಾಪಸ್ ಬಂತು. ಶಾಲೆ ಮುಚ್ಚಿದ್ದ ಆ ತಿಂಗಳುಗಳಲ್ಲೇ ಇದೆಲ್ಲ ಆಗಿದ್ದು. ಆ ತಾಯಿಯ ಭಯ ಎಲ್ಲಿಂದ ಬಂತು ಅನ್ನೋದು ಈಗ ಅರ್ಥ ಆಗುತ್ತೆ ಅಲ್ವಾ.

ಹಾಗಾದರೆ ಯಾವ ವಯಸ್ಸಿಗೆ ಯಾವ ಹಾಳೆ? ಅಂಗನವಾಡಿಯ ಮೂರು ನಾಲ್ಕು ವರ್ಷದ ಮಗುವಿಗೆ ಗೆರೆ ದಪ್ಪ ಇರಬೇಕು, ಜಾಗ ದೊಡ್ಡದಿರಬೇಕು. ಪ್ಯಾಕ್‌ಮ್ಯಾನ್, ಕಿರ್ಬಿ ಸಾಕು. ಗೆರೆ ದಾಟಿದರೆ ದಾಟಲಿ. ನಲಿಕಲಿಯ ಆರೇಳು ವರ್ಷದವರಿಗೆ ಮಾರಿಯೋ. ಟೋಪಿ, ಅಂಗಿ, ಬೂಟು ಅಂತ ನಾಲ್ಕೈದು ಭಾಗ, ಒಂದೊಂದಕ್ಕೆ ಒಂದೊಂದು ಬಣ್ಣ. ಎಂಟು ಒಂಬತ್ತಕ್ಕೆ 1991ರ ಸೋನಿಕ್, 1996ರ ಪೋಕೆಮಾನ್ ಗುಂಪು. ಹತ್ತು ದಾಟಿದವರಿಗೆ ಮೈನ್‌ಕ್ರಾಫ್ಟ್. ಅದರ ಕ್ರೀಪರ್ ಮುಖ ಅಡ್ಡಕ್ಕೆ 8, ಉದ್ದಕ್ಕೆ 8 ಚೌಕ, ಚದುರಂಗದ ಮಣೆಯ ಹಾಗೆ 64 ಮನೆ. ಲೆಕ್ಕದ ನೋಟ್‌ಬುಕ್ಕಿನ ಚೌಕದಲ್ಲೇ ಬಿಡಿಸಬಹುದು, ಪ್ರಿಂಟೂ ಬೇಡ, 2 ರೂಪಾಯಿಯೂ ಬೇಡ. ಬಂದೂಕಿನ ಸೈನಿಕನ ವಿಷಯಕ್ಕೆ ಬಂದರೆ, ಬಿಜಿಎಂಐ ಮಾಡಿದವರೇ 18 ವರ್ಷದೊಳಗಿನವರು ಪೋಷಕರ ಒಪ್ಪಿಗೆ ಇಲ್ಲದೆ ಆಡಬಾರದು ಅಂತ ನಿಯಮ ಇಟ್ಟಿದ್ದರು. ಅವನನ್ನು ಆರು ವರ್ಷದ ಮಗುವಿನ ಹಾಳೆಗೆ ತರೋ ಅಗತ್ಯ ಇಲ್ಲ. ಇಲ್ಲಿ ನಾನು ಆ ತಾಯಿಯ ಕಡೆ.

ಇನ್ನು, ಹೀಗೆ ನಕಲು ತೆಗೆಯೋದು ಕಾನೂನಿಗೆ ಸರಿಯಾ ಅಂತ ಕೆಲವರು ಕೇಳಬಹುದು. ಮಾರಿಯೋ ನಿಂಟೆಂಡೊದವರ ಸ್ವತ್ತು. ಆದರೆ ನಮ್ಮ 1957ರ ಕೃತಿಸ್ವಾಮ್ಯ ಕಾಯ್ದೆಯ 52ನೇ ಸೆಕ್ಷನ್, ಪಾಠದ ಭಾಗವಾಗಿ ಶಿಕ್ಷಕರು, ವಿದ್ಯಾರ್ಥಿಗಳು ಮಾಡಿಕೊಳ್ಳುವ ಪ್ರತಿಗೆ ವಿನಾಯಿತಿ ಕೊಡುತ್ತೆ. 2016ರಲ್ಲಿ ದೆಹಲಿ ವಿಶ್ವವಿದ್ಯಾಲಯದ ಆವರಣದ ಒಂದು ಜೆರಾಕ್ಸ್ ಅಂಗಡಿಯ ವಿರುದ್ಧ ದೊಡ್ಡ ಪ್ರಕಾಶಕರು ಹೂಡಿದ್ದ ಮೊಕದ್ದಮೆಯಲ್ಲಿ ದೆಹಲಿ ಹೈಕೋರ್ಟ್ ಆ ವಿನಾಯಿತಿಯನ್ನು ವಿಶಾಲವಾಗಿಯೇ ಓದಿತು. ಕ್ಲಾಸಿಗೆ 20 ಪ್ರತಿ ತೆಗೆಯೋದು ಒಂದು. ಅದೇ ಚಿತ್ರ ಪುಸ್ತಕ ಮಾಡಿ ಜಾತ್ರೆಯಲ್ಲಿ ಮಾರೋದು ಬೇರೆ.

ಕಾನೂನಿಗಿಂತ ನನ್ನನ್ನು ಹೆಚ್ಚು ಕಾಡಿದ್ದು ಇನ್ನೊಂದು. ಗೆರೆಗಳೆಲ್ಲ ಹೊರಗಿನವೇ ಯಾಕೆ? ಗುಬ್ಬಿ ಊರಿಗೆ ವೇಷ, ಬಣ್ಣ ಹೊಸದಾ? 1884ರಲ್ಲಿ ಹುಟ್ಟಿದ ಗುಬ್ಬಿ ಶ್ರೀ ಚನ್ನಬಸವೇಶ್ವರ ನಾಟಕ ಕಂಪನಿ ಇಲ್ಲಿಯದು. ಗುಬ್ಬಿ ವೀರಣ್ಣನವರ ಕುರುಕ್ಷೇತ್ರ ನಾಟಕದಲ್ಲಿ ನಿಜವಾದ ಆನೆ ಕುದುರೆಗಳೇ ರಂಗಕ್ಕೆ ಬರುತ್ತಿದ್ದವು. ತಿಪಟೂರು ಕಡೆಗೆ ಹೋದರೆ ಮೂಡಲಪಾಯದ ಕಿರೀಟಗಳಿವೆ. ಕುಣಿಗಲ್‌ನಲ್ಲಿ ಟಿಪ್ಪು ಕಾಲದಿಂದ ಹೆಸರಾದ ಕುದುರೆ ಫಾರಂ ಇದೆ. ಇವುಗಳಲ್ಲಿ ಯಾವುದಕ್ಕೂ ಮಗು ಮೊಬೈಲಿನಲ್ಲಿ ಹುಡುಕಿದ ತಕ್ಷಣ ಸಿಗೋ, ಜೆರಾಕ್ಸಿಗೆ ಒಗ್ಗೋ ಒಂದು ದಪ್ಪ ಗೆರೆಯ ಚಿತ್ರವನ್ನು ನಾವು ದೊಡ್ಡವರು ಮಾಡಿಟ್ಟಿಲ್ಲ. ಪುಣೆಯವರು 2020ರಲ್ಲಿ ರಾಜಿ ಅನ್ನೋ ಗೇಮ್ ಮಾಡಿದರು. ತಮ್ಮನನ್ನು ಹುಡುಕಿ ಹೊರಡುವ ಹುಡುಗಿ ಅದರ ನಾಯಕಿ. ಮನಸ್ಸು ಮಾಡಿದರೆ ಆಗುತ್ತೆ. ಮಾಡೋವರೆಗೆ ಮಾರಿಯೋ ಬಂದ ಅಂತ ಮಗುವನ್ನು ಬೈಯೋದು ನ್ಯಾಯ ಅಲ್ಲ.

ಅವತ್ತು ಗುಬ್ಬಿಯ ಮಿಸ್ ಸೈನಿಕನನ್ನು ಬಿಟ್ಟು ಮಾರಿಯೋ ಮಾತ್ರ 20 ಪ್ರತಿ ತೆಗೆಸಿದರು. ಒಂದೆರಡು ತಿಂಗಳಾದ ಮೇಲೆ ಸಿಕ್ಕಾಗ ತಮ್ಮ ಕ್ರಮ ಹೇಳಿದರು. ಮೊದಲ ವಾರ ಗೆರೆ ಇರೋ ಹಾಳೆ. ಎರಡನೇ ವಾರ ಬರೀ ಚುಕ್ಕಿ ಇರೋ ಹಾಳೆ, ಮಕ್ಕಳೇ ಸೇರಿಸಬೇಕು. ಮೂರನೇ ವಾರ ಖಾಲಿ ಹಾಳೆ, ನಿಮ್ಮ ಆಟಕ್ಕೆ ನೀವೇ ಒಬ್ಬನನ್ನ ಮಾಡಿ ಅಂತ. ಜಗಳಕ್ಕೆ ಬಂದಿದ್ದ ತಾಯಿಯನ್ನೂ ಕರೆದು ತೋರಿಸಿದರಂತೆ. ಆ ತಾಯಿ ಏನೂ ಹೇಳಲಿಲ್ಲ. ಮಗನ ಹಾಳೆಯನ್ನು ಮಡಿಸಿ ಬ್ಯಾಗಿಗೆ ಹಾಕಿಕೊಂಡರಂತೆ.

ನಾನೂ ಕುಣಿಗಲ್‌ನಲ್ಲಿರೋ ನಮ್ಮಕ್ಕನ ಮಗನಿಗೆ ಇದೇ ಕ್ರಮ ಹಿಡಿಸಿದೆ. ಮೂರನೇ ಹಾಳೆಯಲ್ಲಿ ಅವನು ಬಿಡಿಸಿದ್ದು ಕುದುರೆ, ಅದರ ತಲೆ ಮೇಲೆ ಮಾರಿಯೋ ಟೋಪಿ. ಯಾವ ಕುದುರೆನೋ ಇದು ಅಂದೆ. "ಫಾರಂದು ಮಾಮ, ಕೆರೆ ಏರಿ ಮೇಲೆ ಓಡ್ತೈತೆ" ಅಂದ. ಕಾಲು ಐದಿತ್ತು. ನಾನು ತಿದ್ದಲಿಲ್ಲ.

ನಿಮ್ಮ ಮನೆಯಲ್ಲೂ ಒಂದು ಹಾಳೆ ಕೊಡಿ. ಎರಡನೆಯದು ಚುಕ್ಕಿಯದು, ಮೂರನೆಯದು ಖಾಲಿ. ಅದನ್ನು ಮಾತ್ರ ಮರೀಬೇಡಿ.