ಗಾಲ್ಫ್ ಆಡಲು ಏನೇನು ಬೇಕು? ಆರೇಳು ಕೋಲು, ಒಬ್ಬ ಗುರು, ಬೆಟ್ಟದಷ್ಟು ತಾಳ್ಮೆ

ಮಾಗಡಿ: ಮಾಗಡಿಯಿಂದ ಬಿಡದಿಯ ಕಡೆ ಹೊರಟವರಿಗೆ ರಾಗಿ ಹೊಲ, ಮಾವಿನ ತೋಪು, ಬಂಡೆಗುಡ್ಡಗಳು ದಾಟಿದ ಮೇಲೆ ಬೆಂಗಳೂರು–ಮೈಸೂರು ಹೆದ್ದಾರಿ ಎದುರಾಗುತ್ತದೆ. ಅದೇ ಹೆದ್ದಾರಿಯ ಬದಿಯಲ್ಲಿ, ಬಿಡದಿ ಸಮೀಪ, ಈಗಲ್ಟನ್ ಗಾಲ್ಫ್ ಮೈದಾನವಿದೆ. 2007ರಲ್ಲಿ ರಾಮನಗರ ಜಿಲ್ಲೆಯೆನಿಸಿ, 2025ರಲ್ಲಿ ಬೆಂಗಳೂರು ದಕ್ಷಿಣ ಎಂದು ಹೆಸರು ಬದಲಿಸಿಕೊಂಡ ಈ ಸೀಮೆಯಲ್ಲಿ ಗಾಲ್ಫ್ ಎಂದರೆ ಇಂದಿಗೂ ಬೇಲಿಯಾಚೆಯ ಆಟ. ಕಾರಿನಲ್ಲಿ ಬರುವವರ ಆಟ. ಆದರೆ ಆ ಬೇಲಿಯ ಪಕ್ಕದ ಹಳ್ಳಿಯ ಸಾಮಾನ್ಯ ಕುಟುಂಬದಿಂದ ಬಂದ ಎಸ್. ಚಿಕ್ಕರಂಗಪ್ಪ ಇದೇ ಮೈದಾನದಲ್ಲಿ ತರಬೇತುದಾರ ವಿಜಯ್ ದಿವೇಚಾ ಅವರಲ್ಲಿ ಪಾಠ ಕಲಿತು ವೃತ್ತಿಪರ ಆಟಗಾರರಾದರು. ದುಬಾರಿ ಸಲಕರಣೆಗಳ ಪಟ್ಟಿ ಹಿಡಿದು ಅಂಗಡಿಗೆ ಹೊರಡುವ ಮುನ್ನ ಹೊಸಬರು ಈ ಸಂಗತಿಯನ್ನು ನೆನೆಯುವುದು ಒಳ್ಳೆಯದು.

ಗಾಲ್ಫ್ ಕರ್ನಾಟಕಕ್ಕೆ ಹೊಸತಲ್ಲ. ಬೆಂಗಳೂರು ಗಾಲ್ಫ್ ಕ್ಲಬ್ ಸ್ಥಾಪನೆಯಾದುದು 1876ರಲ್ಲಿ. ಬ್ರಿಟಿಷ್ ಅಧಿಕಾರಿಗಳು ತಂದ ಈ ಆಟ ಕೋಲಾರದ ಚಿನ್ನದ ಗಣಿಗೂ ಮೈಸೂರಿಗೂ ಹಬ್ಬಿತು. ಆದರೆ ಬಹುಕಾಲ ಅದು ಸದಸ್ಯತ್ವ ಉಳ್ಳವರ ಆವರಣದಲ್ಲೇ ಉಳಿಯಿತು. ಹಳೆಯ ಕ್ಲಬ್‌ಗಳ ಸದಸ್ಯತ್ವ ಇಂದಿಗೂ ಸುಲಭವಾಗಿ ಕೈಗೆಟುಕುವಂಥದಲ್ಲ. ಆಟ ಕಲಿಯುವುದಕ್ಕೆ ಮಾತ್ರ ಸದಸ್ಯತ್ವವೇ ಬೇಕೆಂಬ ನಂಬಿಕೆ ಸರಿಯಲ್ಲ. ಹೊಸಬರ ಮೊದಲ ನೆಲೆ ಮೈದಾನವಲ್ಲ, ಡ್ರೈವಿಂಗ್ ರೇಂಜ್. ಬುಟ್ಟಿಗಿಷ್ಟು ಎಂದು ಹಣ ತೆತ್ತು ಚೆಂಡುಗಳನ್ನು ಪಡೆದು, ನಿಂತಲ್ಲೇ ನಿಂತು ಹೊಡೆಯುವ ಬಯಲು ಅದು. ಸದಸ್ಯರಲ್ಲದವರಿಗೆ ಪ್ರವೇಶ ಉಂಟೇ, ಕೋಲು ಬಾಡಿಗೆಗೆ ಸಿಗುತ್ತದೆಯೇ ಎಂಬುದನ್ನು ಮೊದಲೇ ವಿಚಾರಿಸಿಕೊಂಡು ಹೋಗುವುದು ಲೇಸು.

ಗಾಲ್ಫಿನ ಕೋಲಿಗೂ ಕ್ಲಬ್ ಎಂದೇ ಹೆಸರು, ಆಡಿಸುವ ಸಂಸ್ಥೆಗೂ ಅದೇ ಹೆಸರು. ಹೊಸಬರು ಗೊಂದಲಗೊಂಡರೆ ಅವರ ತಪ್ಪಲ್ಲ. ನಿಯಮದ ಪ್ರಕಾರ ಒಬ್ಬ ಆಟಗಾರ ಗರಿಷ್ಠ 14 ಕೋಲುಗಳನ್ನು ಒಯ್ಯಬಹುದು. ಇದು ಮಿತಿಯೇ ಹೊರತು ಅಗತ್ಯವಲ್ಲ. ಆರಂಭಕ್ಕೆ ಆರೋ ಏಳೋ ಧಾರಾಳ. ದೂರದ ಹೊಡೆತಕ್ಕೆ ಅಗಲ ತಲೆಯ ಒಂದು ಫೇರ್‌ವೇ ವುಡ್ ಅಥವಾ ಹೈಬ್ರಿಡ್, ನಡುವಿನ ದೂರಕ್ಕೆ 5, 7 ಮತ್ತು 9ನೇ ಸಂಖ್ಯೆಯ ಐರನ್‌ಗಳು, ಮರಳುಗುಂಡಿಯಿಂದ ಚೆಂಡನ್ನು ಎತ್ತಲು ಸ್ಯಾಂಡ್ ವೆಜ್, ಕೊನೆಗೆ ಪಟರ್. ಸಂಖ್ಯೆ ಏರಿದಂತೆ ಕೋಲಿನ ಮುಖ ಹೆಚ್ಚು ಓರೆಯಾಗುತ್ತದೆ. ಚೆಂಡು ಎತ್ತರಕ್ಕೆ ಹಾರಿ ಹತ್ತಿರದಲ್ಲೇ ಬೀಳುತ್ತದೆ. ಎಲ್ಲಕ್ಕಿಂತ ಉದ್ದನೆಯ ಕೋಲಾದ ಡ್ರೈವರ್ ಕಣ್ಣಿಗೆ ಆಕರ್ಷಕ. ಆದರೆ ಅದರ ಮುಖದಲ್ಲಿ ಓರೆ ಅತ್ಯಲ್ಪವಾದ್ದರಿಂದ ಸಣ್ಣ ತಪ್ಪೂ ಚೆಂಡನ್ನು ಪಕ್ಕದ ಪೊದೆಗೆ ಅಟ್ಟುತ್ತದೆ. ಅದನ್ನು ಕೆಲವು ತಿಂಗಳು ಮುಟ್ಟದಿರುವುದೇ ಜಾಣತನ.

ಕೊಳ್ಳುವುದಾದರೆ ಬಳಸಿದ ಕೋಲುಗಳೇ ಸಾಕು. ಉದ್ದ ಮೈಕಟ್ಟಿಗೆ ಹೊಂದಬೇಕು, ಹಿಡಿಯ ರಬ್ಬರು ಸವೆದು ನುಣುಪಾಗಿರಬಾರದು. ಎಡಗೈ ಆಟಗಾರರಿಗೆ ಹಳೆಯ ಕೋಲು ಸಿಗುವುದು ಕಷ್ಟ. ದೊಡ್ಡವರ ಕೋಲನ್ನು ತುಂಡರಿಸಿ ಮಕ್ಕಳಿಗೆ ಕೊಡುವ ರೂಢಿ ಒಳ್ಳೆಯದಲ್ಲ; ಅದು ಗಡಸಾಗಿ, ಭಾರವಾಗಿ ಮಗುವಿನ ಬೀಸನ್ನೇ ಕೆಡಿಸುತ್ತದೆ. ಚೆಂಡುಗಳ ವಿಷಯದಲ್ಲಂತೂ ಹೊಸಬರಿಗೆ ಬೆಲೆಬಾಳುವವು ಬೇಡವೇ ಬೇಡ, ಏಕೆಂದರೆ ಅವು ಕಳೆದುಹೋಗುತ್ತವೆ. ಬಲಗೈ ಆಟಗಾರರು ಎಡಗೈಗೆ ಒಂದು ಕೈಗವಸು ತೊಡುತ್ತಾರೆ. ಮರದ ಕೆಲವು ಟೀಗಳು, ಜಾರದ ಅಡಿಯ ಬೂಟು, ಟೋಪಿ, ನೀರು ಇದ್ದರೆ ಆಯಿತು. ಉಡುಪಿನ ಬಗ್ಗೆ ಕ್ಲಬ್‌ಗಳು ಕಟ್ಟುನಿಟ್ಟು: ಸಾಮಾನ್ಯವಾಗಿ ಕಾಲರ್ ಇರುವ ಅಂಗಿ ಬೇಕು, ಜೀನ್ಸ್ ನಿಷಿದ್ಧ.

ಉಳಿದ ಹಣವನ್ನು ಗುರುವಿಗೆ ಕೊಡುವುದೇ ಮೇಲು. ಚಿನ್ನಿದಾಂಡು, ಕ್ರಿಕೆಟ್ ಆಡಿ ಬೆಳೆದ ನಮ್ಮ ಹುಡುಗರಿಗೆ ಚೆಂಡಿಗೆ ಕೋಲು ತಾಗಿಸುವ ಕಣ್ಣು ಇದ್ದೇ ಇರುತ್ತದೆ. ತೊಡಕು ಬೇರೆಡೆ ಇದೆ. ಓಡಿಬರುವ ಚೆಂಡಿಗೆ ಕೆಳಗೈಯ ಬಲದಿಂದ ಬಾರಿಸುವುದು ಕ್ರಿಕೆಟ್ಟಿನ ಅಭ್ಯಾಸ. ಇಲ್ಲಿ ಚೆಂಡು ಕದಲದೆ ಕುಳಿತಿರುತ್ತದೆ. ಬಲ ಹುಟ್ಟಬೇಕಾದುದು ಸೊಂಟ, ಭುಜಗಳ ತಿರುವಿನಿಂದ. ಬಲಗೈ ಅವಸರಪಟ್ಟರೆ ಚೆಂಡು ದಾರಿ ತಪ್ಪುತ್ತದೆ. ಕೋಲು ಹಿಡಿಯುವ ಬಗೆ, ನಿಲುವು, ಗುರಿಗೆ ಮೈಯನ್ನು ಹೊಂದಿಸುವುದು, ಈ ಮೂರನ್ನು ಮೊದಲ ವಾರಗಳಲ್ಲೇ ತಿದ್ದಿಸಿಕೊಳ್ಳಬೇಕು. ತಪ್ಪಾಗಿ ಕೂತ ಹಿಡಿತವನ್ನು ವರ್ಷದ ನಂತರ ಬಿಡಿಸುವುದು ಗುರುವಿಗೂ ಶಿಷ್ಯನಿಗೂ ಶಿಕ್ಷೆ.

ಹೊಸಬರು ಕಡೆಗಣಿಸುವ ಇನ್ನೊಂದು ಲೆಕ್ಕವಿದೆ. 18 ಹೋಲ್‌ಗಳ ಮೈದಾನದಲ್ಲಿ ಉತ್ತಮ ಆಟಗಾರನಿಂದ ನಿರೀಕ್ಷಿಸುವ ಹೊಡೆತಗಳ ಸಂಖ್ಯೆ, ಅಂದರೆ ಪಾರ್, ಸಾಮಾನ್ಯವಾಗಿ 72. ಪ್ರತಿ ಗುಣಿಯ ಬಳಿಯೂ ಎರಡು ಪಟ್‌ಗಳೆಂದು ಹಿಡಿದೇ ಈ ಅಂಕಿ ನಿಗದಿಯಾಗುವುದರಿಂದ ಅದರಲ್ಲಿ 36, ಎಂದರೆ ಸರಿಯಾಗಿ ಅರ್ಧ, ಹಸಿರು ಹಾಸಿನ ಮೇಲೆ ಚೆಂಡನ್ನು ಮೆಲ್ಲಗೆ ಉರುಳಿಸುವ ಹೊಡೆತಗಳು. ಗುಣಿಯ ಅಗಲ 108 ಮಿ.ಮೀ., ಚೆಂಡಿನ ವ್ಯಾಸ 42.67 ಮಿ.ಮೀ.ಗಿಂತ ಕಡಿಮೆ ಇರುವಂತಿಲ್ಲ. ಅರ್ಧ ಆಟ ನಡೆಯುವುದೇ ಅಲ್ಲಿ ಎಂದಮೇಲೆ ಅಭ್ಯಾಸದ ಅರ್ಧ ಸಮಯವೂ ಅಲ್ಲಿಗೇ ಸಲ್ಲಬೇಕು. ಇದಕ್ಕೆ ಖರ್ಚೂ ಕಡಿಮೆ. ಮನೆಯ ಚಾಪೆಯ ಮೇಲೂ ಪಟರ್ ಹಿಡಿದು ಅಭ್ಯಾಸ ಮಾಡಬಹುದು. ಬೆಂಗಳೂರಿನ ಅದಿತಿ ಅಶೋಕ್ ಐದಾರು ವರ್ಷದ ಹುಡುಗಿಯಾಗಿ ಆಟ ಆರಂಭಿಸಿದ್ದು ಕರ್ನಾಟಕ ಗಾಲ್ಫ್ ಸಂಸ್ಥೆಯ ಅಂಗಳದಲ್ಲಿ. ದೂರದ ಹೊಡೆತದಲ್ಲಿ ಅನೇಕರಿಗಿಂತ ಹಿಂದಿದ್ದರೂ ಪಟರ್‌ನ ಬಲದಿಂದ ಅವರು 2021ರಲ್ಲಿ ನಡೆದ ಟೋಕಿಯೊ ಒಲಿಂಪಿಕ್ಸ್‌ನಲ್ಲಿ ನಾಲ್ಕನೆಯವರಾದರು.

ಮೈದಾನಕ್ಕೆ ಇಳಿಯುವ ಮುನ್ನ ನಡವಳಿಕೆ ತಿಳಿದಿರಬೇಕು. ಬೇರೊಬ್ಬರು ಹೊಡೆಯುವಾಗ ಮಾತು, ಚಲನೆ ಸಲ್ಲದು. ಚೆಂಡು ಜನರತ್ತ ಹಾರಿದರೆ ‘ಫೋರ್’ ಎಂದು ಗಟ್ಟಿಯಾಗಿ ಕೂಗಬೇಕು. ಸುಮಾರು 46 ಗ್ರಾಂ ತೂಗುವ ಈ ಗಟ್ಟಿ ಚೆಂಡು ತಲೆಗೆ ಬಡಿದರೆ ಅನಾಹುತ. ಕಿತ್ತುಬಂದ ಹುಲ್ಲುಹೆಂಟೆಯನ್ನು ಮರಳಿ ಕೂರಿಸಬೇಕು, ಮರಳುಗುಂಡಿಯ ಹೆಜ್ಜೆಗುರುತನ್ನು ಅಳಿಸಬೇಕು. 2019ರ ನಿಯಮ ಪರಿಷ್ಕರಣೆಯ ನಂತರ ಕಳೆದ ಚೆಂಡನ್ನು ಹುಡುಕಲು ಇರುವುದು ಮೂರೇ ನಿಮಿಷ. ಗುಡುಗು ಕೇಳಿದೊಡನೆ ಆಟ ನಿಲ್ಲಿಸಿ ಕಟ್ಟಡ ಸೇರಬೇಕು, ಮರದಡಿ ನಿಲ್ಲುವುದು ಅಪಾಯ. ಈ ಭಾಗದ ಮುಂಗಾರುಪೂರ್ವ ಮಳೆ ಸಂಜೆ ಸಿಡಿಲಿನೊಂದಿಗೇ ಬರುತ್ತದೆ.

ಚೀಲ ಹೊರುವ ಕ್ಯಾಡಿಯನ್ನು ಬರಿಯ ಆಳೆಂದು ಕಾಣುವುದು ಅವಿವೇಕ. ಹುಲ್ಲು ಯಾವ ಕಡೆ ಬಾಗಿದೆ, ಇಳಿಜಾರು ಎತ್ತ ಎಳೆಯುತ್ತದೆ ಎಂಬುದು ದಿನವೂ ಅದೇ ನೆಲ ತುಳಿಯುವ ಆತನಿಗೆ ಗೊತ್ತಿರುವಷ್ಟು ಬೇರಾರಿಗೂ ಗೊತ್ತಿರುವುದಿಲ್ಲ. ಕೇಳಿದರೆ ಹೇಳುತ್ತಾನೆ.

ಎರಡು ಮೂರು ತಿಂಗಳ ಅಭ್ಯಾಸದ ನಂತರ ಮೊದಲ ಬಾರಿ ಆಡುವಾಗ 9 ಹೋಲ್‌ಗಳಷ್ಟೇ ಸಾಕು, ಅದೂ ಜನಸಂದಣಿಯಿಲ್ಲದ ವಾರದ ದಿನ, ಮುಂದಿನ ಟೀಯಿಂದ. ಹಿಂದಿನ ತಂಡ ಕಾಯುತ್ತಿದ್ದರೆ ಅವರಿಗೆ ದಾರಿ ಬಿಡಬೇಕು. ಆಟಗಾರನ ಮಟ್ಟ ಅಳೆಯುವ ಹ್ಯಾಂಡಿಕ್ಯಾಪ್‌ಗೆ 2020ರಿಂದ ಜಗತ್ತಿನಾದ್ಯಂತ ಒಂದೇ ಪದ್ಧತಿ ಬಂದಿದ್ದು, ಅದರ ಗರಿಷ್ಠ ಮಿತಿ 54. ಎಂದರೆ ಪ್ರತಿ ಹೋಲ್‌ಗೂ ಪಾರ್‌ಗಿಂತ ಮೂರು ಹೊಡೆತ ಹೆಚ್ಚು ತೆಗೆದುಕೊಳ್ಳುವವರಿಗೂ ಆ ಪಟ್ಟಿಯಲ್ಲಿ ಸ್ಥಾನವಿದೆ.