ಸಾಗರದ ತಳದಲ್ಲಿ ಸಿಕ್ಕ ಸಾಕ್ಷಿ

ಭಾರತ ಉಪಖಂಡ ವರ್ಷಕ್ಕೆ ಕೆಲವು ಸೆಂಟಿಮೀಟರಿನಷ್ಟು ಉತ್ತರಕ್ಕೆ ಸರಿಯುತ್ತಿದೆ ಎಂಬುದನ್ನು ಇಂದು ಶಾಲೆಯ ಮಕ್ಕಳೂ ಬಲ್ಲರು. ಆದರೆ 1960ರ ಸುಮಾರಿಗೆ ಖಂಡಗಳು ಚಲಿಸುತ್ತವೆ ಎಂಬ ಮಾತನ್ನು ಭೂವಿಜ್ಞಾನಿಗಳಲ್ಲಿ ಹಲವರು ನಂಬುತ್ತಿರಲಿಲ್ಲ. ಜರ್ಮನಿಯ ಆಲ್ಫ್ರೆಡ್ ವೆಗೆನರ್ 1912ರಲ್ಲೇ ಮಂಡಿಸಿದ್ದ ಈ ವಾದಕ್ಕೆ ಗಟ್ಟಿ ಪುರಾವೆ ಒದಗಿಸಿದವರಲ್ಲಿ ಇಂಗ್ಲೆಂಡಿನ ಕೇಂಬ್ರಿಜ್ ವಿಶ್ವವಿದ್ಯಾಲಯದ ಇಬ್ಬರು ಪ್ರಮುಖರು. ಅದಕ್ಕೆ ಆಧಾರವಾದ ಅಳತೆಗಳು ಮಾತ್ರ ದೊರೆತದ್ದು ಹಿಂದೂ ಮಹಾಸಾಗರದಲ್ಲಿ!

ಕೇಂಬ್ರಿಜ್‌ನಲ್ಲಿ ಭೂವಿಜ್ಞಾನ ಹಳೆಯ ವಿಷಯ. ಜಾನ್ ವುಡ್‌ವರ್ಡ್ 1728ರಲ್ಲಿ ಬಿಟ್ಟುಹೋದ ದತ್ತಿಯಿಂದ ಅದಕ್ಕೊಂದು ಪೀಠವೇ ಏರ್ಪಟ್ಟಿತು. ಆ ಪೀಠದಲ್ಲಿದ್ದ ಆ್ಯಡಮ್ ಸೆಡ್ಜ್‌ವಿಕ್ 1831ರಲ್ಲಿ ವೇಲ್ಸ್‌ನ ಬಂಡೆಗಳನ್ನು ನೋಡಲು ಹೊರಟಾಗ ಜೊತೆಗೆ ಕರೆದೊಯ್ದ ಯುವಕನ ಹೆಸರು ಚಾರ್ಲ್ಸ್ ಡಾರ್ವಿನ್. ಬಂಡೆ, ಪಳೆಯುಳಿಕೆಗಳ ವಿಭಾಗ ಒಂದು, ಖನಿಜಗಳದ್ದು ಇನ್ನೊಂದು. ಭೂಮಿಯನ್ನು ಉಪಕರಣಗಳಿಂದ ಅಳೆಯುವ ಭೂಭೌತ ವಿಭಾಗ ಇವೆರಡಕ್ಕಿಂತ ಕಿರಿಯದು. ಅದರ ಬುನಾದಿ ಹಾಕಿದ ಜೆರಾಲ್ಡ್ ಲೆನಾಕ್ಸ್-ಕನಿಂಗ್‌ಹ್ಯಾಮ್, ಭಾರತದ ಸರ್ವೇ ಇಲಾಖೆಯಲ್ಲಿ ದುಡಿದು ನಿವೃತ್ತರಾಗಿ ಹೋದವರು ಎಂಬುದು ನಮಗೆ ಕುತೂಹಲದ ಸಂಗತಿ. ಎಡ್ವರ್ಡ್ ಬುಲ್ಲಾರ್ಡ್ ಮುಖ್ಯಸ್ಥರಾಗಿದ್ದಾಗ ಈ ವಿಭಾಗ ಸಮುದ್ರದತ್ತ ಮುಖಮಾಡಿತ್ತು.

1962ರಲ್ಲಿ ಇಲ್ಲಿನ ಡ್ರಮಂಡ್ ಮ್ಯಾಥ್ಯೂಸ್ ಬ್ರಿಟಿಷ್ ನೌಕಾಪಡೆಯ 'ಓವನ್' ಹಡಗಿನಲ್ಲಿ ವಾಯವ್ಯ ಹಿಂದೂ ಮಹಾಸಾಗರಕ್ಕೆ ಬಂದರು. ಕಾರ್ಲ್ಸ್‌ಬರ್ಗ್ ಎಂಬ ಸಾಗರದಡಿಯ ಪರ್ವತಸಾಲಿನ ಮೇಲೆ ಕಾಂತತ್ವವನ್ನು ಅಳೆದು ಮರಳಿದರು. ಆ ಅಂಕಿಗಳನ್ನು ಕಂಪ್ಯೂಟರಿಗೆ ಹಾಕಿ ವಿಶ್ಲೇಷಿಸುವ ಕೆಲಸ ಅವರ ಸಂಶೋಧನಾ ವಿದ್ಯಾರ್ಥಿ ಫ್ರೆಡ್ ವೈನ್ ಪಾಲಿಗೆ ಬಂತು.

ವೈನ್ ಕಂಡದ್ದೇನು? ಪರ್ವತಸಾಲಿನ ನಡುವಿನ ಬಿರುಕಿನಿಂದ ಉಕ್ಕಿದ ಲಾವಾ ತಣ್ಣಗಾಗುವಾಗ ಅದರೊಳಗಿನ ಕಬ್ಬಿಣದ ಖನಿಜಗಳು ಅಂದಿನ ಭೂಕಾಂತದ ದಿಕ್ಕನ್ನು ಹಿಡಿದಿಟ್ಟುಕೊಳ್ಳುತ್ತವೆ. ಭೂಮಿಯ ಕಾಂತಧ್ರುವಗಳೋ ಆಗಾಗ ಅದಲುಬದಲಾಗುತ್ತವೆ; ಕೊನೆಯ ಸಲ ಹಾಗಾದದ್ದು ಸುಮಾರು 7.8 ಲಕ್ಷ ವರ್ಷಗಳ ಹಿಂದೆ. ಸಾಗರತಳ ಎರಡೂ ಬದಿಗೆ ಸರಿಯುತ್ತಿದ್ದರೆ ನೇರ, ತಿರುವುಮುರುವು ಕಾಂತತ್ವದ ಪಟ್ಟೆಗಳು ಸಾಲಾಗಿ ಮೂಡಬೇಕು. ಟೇಪ್ ರೆಕಾರ್ಡರಿನ ಕ್ಯಾಸೆಟ್ಟಿನಲ್ಲಿ ಹಾಡು ದಾಖಲಾಗುವಂತೆ ಎನ್ನಿ. 1963ರ ಸೆಪ್ಟೆಂಬರಿನಲ್ಲಿ 'ನೇಚರ್' ಪತ್ರಿಕೆ ಇದನ್ನು ಪ್ರಕಟಿಸಿತು. ಆದರೂ ಕೂಡಲೇ ಒಪ್ಪಿದವರು ಕಡಿಮೆ. ಪೆಸಿಫಿಕ್ ಸಾಗರದಿಂದ 'ಎಲ್ಟನಿನ್' ಹಡಗು ತಂದ ನಿಚ್ಚಳ ದಾಖಲೆಗಳು 1966ರಲ್ಲಿ ಹೊರಬಿದ್ದ ಬಳಿಕವೇ ಬಹಳ ಮಂದಿ ಮನಸ್ಸು ಬದಲಿಸಿದರು.

ಇಲ್ಲೊಂದು ಅನ್ಯಾಯವೂ ಇದೆ. ಕೆನಡಾದ ಭೂವಿಜ್ಞಾನ ಸರ್ವೇಕ್ಷಣೆಯಲ್ಲಿದ್ದ ಲಾರೆನ್ಸ್ ಮೋರ್ಲಿ ಇದೇ ವಿಚಾರವನ್ನು ಅದೇ 1963ರಲ್ಲಿ ಸ್ವತಂತ್ರವಾಗಿ ಬರೆದು ಇದೇ 'ನೇಚರ್'ಗೆ ಕಳುಹಿಸಿದ್ದರು. ಲೇಖನ ವಾಪಸು ಬಂತು. ಅಮೆರಿಕದ ಇನ್ನೊಂದು ಪತ್ರಿಕೆಯೂ ತಿರಸ್ಕರಿಸಿತು. ಇಂಥದ್ದು ಪಾರ್ಟಿಗಳಲ್ಲಿ ಹರಟೆಗೆ ಚೆನ್ನ ಎಂಬ ಧಾಟಿಯ ಟಿಪ್ಪಣಿ ಬೇರೆ! ಕೇಂಬ್ರಿಜ್‌ನವರ ಕೈಯಲ್ಲಿ ಹೊಸ ಅಳತೆಗಳಿದ್ದವು ಎಂಬುದು ನಿಜ. ಆದರೆ ವಿಚಾರವೇನೂ ಕಡಿಮೆಯದಾಗಿರಲಿಲ್ಲ. ಈಗ ಅನೇಕ ಪುಸ್ತಕಗಳು ವೈನ್, ಮ್ಯಾಥ್ಯೂಸ್ ಜೊತೆಗೆ ಮೋರ್ಲಿ ಹೆಸರನ್ನೂ ಸೇರಿಸುತ್ತವೆ.

ಕೇಂಬ್ರಿಜ್‌ನ ಆ ಮೂರು ವಿಭಾಗಗಳು 1980ರಲ್ಲಿ ಒಂದಾಗಿ ಭೂವಿಜ್ಞಾನಗಳ ವಿಭಾಗವಾದವು. ಬುಲ್ಲಾರ್ಡ್ ತೀರಿಕೊಂಡದ್ದೂ ಅದೇ ವರ್ಷ.